ತೆಂಗಿನಕಾಯಿ ತಡೆಯದ ಕಲ್ಲು

ಭಾನುವಾರ, ಮಧ್ಯಾಹ್ನ ಮೂರೂಕಾಲು ಗಂಟೆ. ತರೀಕೆರೆಯ ಒಂದು ಲಾಡ್ಜು, ಎರಡನೆಯ ಮಹಡಿಯ ಮೂಲೆಯ ಕೋಣೆ. ಹಾಜರಿದ್ದವರು ನಾನು, ನನ್ನ ಅಕ್ಕ ಮತ್ತು ಲಾಡ್ಜಿನ ಮ್ಯಾನೇಜರು.

ನರ್ಸಾಗಿದ್ದಾಗ ಡ್ಯೂಟಿ ಬದಲಾಗುವ ಹೊತ್ತಿಗೆ ಹೀಗೇ ಬರೆದಿಡುತ್ತಿದ್ದೆ. ಯಾವ ದಿನ, ಎಷ್ಟು ಹೊತ್ತು, ಯಾರಿದ್ದರು, ಏನಾಯಿತು. ಕೆಲಸದಿಂದ ನಿವೃತ್ತಳಾಗಿ ಬಹಳ ವರ್ಷವಾದರೂ ಏನನ್ನು ನೆನೆಸಿಕೊಂಡರೂ ಅದೇ ಕ್ರಮದಲ್ಲಿ ನೆನಪಿಗೆ ಬರುತ್ತದೆ.

ಅಂದು ಬೆಳಗ್ಗೆ ಅಕ್ಕನ ಕಿರಿಯ ಮಗನ ಮದುವೆ ಮುಗಿದಿತ್ತು. ಸಿಂಗಟಗೆರೆಯಲ್ಲಿ ತೆಂಗಿನ ತೋಟ ನೋಡಿಕೊಂಡಿರುವ ಹುಡುಗ. ಊರಲ್ಲಿರುವ ಗಂಡಿಗೆ ಈಗ ಹೆಣ್ಣು ಸಿಗುವುದು ಕಷ್ಟ. ಐದು ವರ್ಷ ಹುಡುಕಿದ ಮೇಲೆ ಲಿಂಗದಹಳ್ಳಿ ಕಡೆಯ ಹುಡುಗಿ ಒಪ್ಪಿದ್ದಳು. ಅವಳ ತಂದೆ ಸಣ್ಣ ಹಿಡುವಳಿಯವರು, ಮಾತು ಕಡಿಮೆ. ಗಂಡಿನ ಕಡೆಯವರಿಗೆಂದು ಲಾಡ್ಜಿನಲ್ಲಿ ಮೂರು ಕೋಣೆ ಹಿಡಿದಿದ್ದವರು ಅವರೇ. ಅದು ನಮ್ಮ ಕಡೆ ನಡೆದುಬಂದ ಪದ್ಧತಿ. ಬೀಗರು ಇಳಿದುಕೊಳ್ಳುವ ಜಾಗದ ಖರ್ಚು ಹೆಣ್ಣಿನ ಕಡೆಯವರದು.

ಏನಾಯಿತೆಂದರೆ, ಬೆಳಗಿನ ಜಾವ ಗಂಡು ಮಂಟಪಕ್ಕೆ ಹೊರಟಾಗ ಅಕ್ಕ ತನ್ನ ಚೀಲದಿಂದ ಒಂದು ತೆಂಗಿನಕಾಯಿ ತೆಗೆದಳು. ಮನೆಯಿಂದ ಯಾರೇ ಮುಖ್ಯವಾದ ಕೆಲಸಕ್ಕೆ ಹೊರಟರೂ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಒಂದು ಕಾಯಿ ಒಡೆಯುವುದು ಅವಳ ರೂಢಿ. ಲಾಡ್ಜಿನಲ್ಲಿ ಕಲ್ಲೆಲ್ಲಿ ಸಿಗಬೇಕು? ಬಚ್ಚಲಿನ ಬೇಸಿನ್ ಕೂರಿಸಿದ್ದ ಕರಿ ಕಲ್ಲಿನ ಹಲಗೆ ಕಣ್ಣಿಗೆ ಬಿತ್ತು. ಒಂದೇ ಏಟು. ಕಾಯಿ ಸರಿಯಾಗಿ ಎರಡು ಹೋಳಾಯಿತು. ಹಲಗೆಯ ಮೂಲೆಯೂ ಗೇಣಿನಷ್ಟು ಮುರಿದು ಬಕೆಟ್ಟಿನೊಳಗೆ ಬಿತ್ತು. ನಾನು ಆಗಲೇ ಕೆಳಗಿಳಿದು ಕೌಂಟರಿನಲ್ಲಿ ಹೇಳಿದೆ, "ಕಲ್ಲು ಮುರಿದಿದೆ, ಮಧ್ಯಾಹ್ನ ಬಂದು ಮಾತಾಡ್ತೀವಿ" ಎಂದು. ಆಮೇಲೆ ಮುಹೂರ್ತಕ್ಕೆ ಓಡಿದೆವು.

ಮಧ್ಯಾಹ್ನದ ಊಟ ಮುಗಿದು ಹೆಣ್ಣನ್ನು ಕಳಿಸಿಕೊಡುವ ಹೊತ್ತಾಗುತ್ತಿತ್ತು. ಭಾವ ಮಂಟಪದ ಮುಂದೆ ವ್ಯಾನಿಗೆ ಸಾಮಾನು ಏರಿಸುತ್ತಿದ್ದರು. ಬ್ಯಾಗು ತರಲೆಂದು ನಾವಿಬ್ಬರು ಕೋಣೆಗೆ ಬಂದರೆ, ಮ್ಯಾನೇಜರು ಬಚ್ಚಲಿನ ಬಾಗಿಲಲ್ಲೇ ನಿಂತಿದ್ದ. ಇನ್ನೂ ಸಣ್ಣ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಿಲ್ಲು.

"ಕಲ್ಲು, ಬೇಸಿನ್ನು, ಕೂಲಿ ಎಲ್ಲಾ ಸೇರಿ ಆರೂವರೆ ಸಾವಿರ ಆಯ್ತದೆ ಅಮ್ಮ."

"ಬೇಸಿನ್ನಿಗೆ ಏನಾಗಿದೆ? ಒಂದು ಗೀರೂ ಇಲ್ಲ."

"ಕಲ್ಲು ತೆಗೆದ್ರೆ ಬೇಸಿನ್ನೂ ತೆಗೀಬೇಕು. ತೆಗ್ಯೋವಾಗ ಒಡ್ದೋಯ್ತದೆ."

"ಇನ್ನೂ ಒಡೆಯದೇ ಇರೋದಕ್ಕೆ ಈಗಲೇ ಬಿಲ್ಲಾ?"

ಅಕ್ಕ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. "ಸುಮ್ನಿರೇ. ಕೊಟ್ಟು ಹೋಗಾನ."

ನಾನು ಸುಮ್ಮನಿರಲಿಲ್ಲ. ನನ್ನ ಹೆಚ್ಚಿನ ಸರ್ವೀಸು ಮೂಳೆ ವಾರ್ಡಿನಲ್ಲಿ. ಬಕೆಟ್ಟಿನಿಂದ ಮುರಿದ ತುಂಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಮುರಿದ ಅಂಚಿನ ಅರ್ಧ ಭಾಗ ಹೊಸದಾಗಿ ಮಿನುಗುತ್ತಿತ್ತು. ಉಳಿದರ್ಧದಲ್ಲಿ ಸೋಪಿನ ಜಿಡ್ಡು ಕಟ್ಟಿ ಕಂದು ಬಣ್ಣಕ್ಕೆ ತಿರುಗಿತ್ತು, ಮೇಲೆ ಬಿಳಿ ಸಿಮೆಂಟು ಮೆತ್ತಿದ ಗುರುತು.

"ನೋಡಪ್ಪ, ಇದು ಇವತ್ತು ಮುರಿದಿದ್ದು. ಇದು ಯಾವತ್ತೋ ಮುರಿದಿದ್ದು. ಸಿಮೆಂಟು ಮೆತ್ತಿರೋದೂ ನಾವೇನಾ?"

ಅವನು ತುಂಡನ್ನು ಈಸಿಕೊಂಡು ತಿರುಗಿಸಿ ನೋಡಿದ. "ಅದು... ಸ್ವಲ್ಪ ಹೇರ್‌ಲೈನ್ ಬಿರುಕು ಇತ್ತು ಅಮ್ಮ. ಆದ್ರೂ ನಿಂತಿತ್ತಲ್ಲ? ಬೇಸಿನ್ ಕಲ್ಲಿನ ಮೇಲೆ ಯಾರಾದ್ರೂ ಕಾಯಿ ಒಡೀತಾರಾ?"

ಅಲ್ಲಿವರೆಗೆ ನನ್ನನ್ನೇ ತಡೆಯುತ್ತಿದ್ದ ಅಕ್ಕ ಈಗ ತಾನೇ ಬಾಯಿ ಹಾಕಿದಳು. "ಕಾಯಿ ಏಟು ತಡೀದೇ ಇರೋದು ಎಂಥ ಕಲ್ಲಪ್ಪ ಅದು? ನಮ್ಮನೆ ಹಿತ್ತಿಲ ಕಲ್ಲು ನಮ್ಮತ್ತೆ ಕಾಲದಿಂದ ಕಾಯಿ ಒಡಿಸ್ಕೊಂತಾ ಐತೆ."

ಅವನಿಗೆ ನಗು ಬಂತು, ತಡೆದುಕೊಂಡ. "ನಿಮ್ ಹತ್ರ ನಂಗ್ಯಾಕೆ ವಾದ ಅಮ್ಮ. ರೂಮು ಬುಕ್ ಮಾಡಿರೋರು ಹುಡುಗಿ ತಂದೆ. ಅವರ ಹೆಸರಿಗೆ ಬಿಲ್ ಹಾಕ್ತೀನಿ. ಫೋನೂ ಮಾಡಿದೀನಿ, ಬತ್ತಾವ್ರೆ."

ಅಕ್ಕ ಮಂಚದ ಮೇಲೆ ಕುಳಿತುಬಿಟ್ಟಳು.

ಮುಖ ನೋಡಿ ಬಿ.ಪಿ. ಹೆಚ್ಚಾಯಿತೇನೋ ಎಂದು ಮಣಿಕಟ್ಟು ಹಿಡಿದೆ. ನಾಡಿ ಸರಿಯಾಗಿಯೇ ಇತ್ತು.

"ಗ್ಯಾಸ್ ಲೈಟು ನೆಪ್ಪೈತೇನೇ ನಿಂಗೆ?" ಎಂದಳು, ಮೆಲ್ಲಗೆ.

ನೆನಪಿತ್ತು. ಅಜ್ಜಂಪುರದ ನಮ್ಮ ಮನೆಯ ಮುಂದೆ ಅವಳ ಮದುವೆಯ ಚಪ್ಪರ. ನಾನು ಆಗ ಚಿಕ್ಕವಳು. ಗಂಡಿನ ಕಡೆಯ ಹುಡುಗರು ಕುಣಿಯುತ್ತ ಬಾಡಿಗೆಗೆ ತಂದಿದ್ದ ಸೀಮೆಎಣ್ಣೆಯ ಗ್ಯಾಸ್ ಲೈಟೊಂದನ್ನು ಕೆಡವಿದ್ದರು. ಗಾಜು ಚೂರುಚೂರಾಗಿ ಹರಡಿದ್ದು, ನಾವು ಮಕ್ಕಳು ಅದನ್ನು ನೋಡಲು ನೂಕಾಡಿದ್ದು, ಇಷ್ಟೇ ನನ್ನ ನೆನಪು.

"ಲೈಟಿನೋನು ಅಪ್ಪನ್ನ ಹಿಡ್ಕಂಡ. ಬಾಡಿಗೆಗೆ ತಂದೋರು ನೀವು, ನೀವೇ ಕೊಡಿ ಅಂತ. ನಾನು ಒಳಗೆ ಬಾಸಿಂಗ ಕಟ್ಕಂಡು ಕಿಟಕಿ ಪಕ್ಕ ಕೂತಿದ್ದೆ. ಅಪ್ಪ ಕಿಟಕಿ ಆಚೆ ನಿಂತ್ಕಂಡು ಪಕ್ಕದ ಮನೆಯೋರ ಹತ್ರ ದುಡ್ಡು ಕೇಳ್ತಿತ್ತು. ಪಿಸುಪಿಸು ಅಂತ. ನಮ್ಮತ್ತೆ ಮನೆಯೋರಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗ್ದಂಗೆ ನೋಡ್ಕಂತು ಅಪ್ಪ." ಅವಳು ಮೂಗು ಒರೆಸಿಕೊಂಡಳು. "ಈಗ ಅಲ್ಲಿ ಬರ್ತಿರೋದು ಅದೇ ಅಪ್ಪನೇ ಕಣೇ. ಒಡೆದಿರೋಳು ನಾನು."

ಇಷ್ಟು ವರ್ಷ ಒಂದೇ ತಾಯಿಯ ಮಕ್ಕಳಾಗಿದ್ದೂ ನನಗೆ ಈ ಪಿಸುಮಾತು ಗೊತ್ತಿರಲಿಲ್ಲ. ನಾನು ಇಷ್ಟು ಹೊತ್ತು ಕಲ್ಲಿನ ಬೆಲೆಗೆ ಜಗಳವಾಡುತ್ತಿದ್ದೆ. ಅಕ್ಕನ ಸಂಕಟ ಬೆಲೆಯದಾಗಿರಲಿಲ್ಲ. ಹುಡುಗಿಯ ತಂದೆ ಜೇಬಿಗೆ ಕೈ ಹಾಕಬಾರದು, ಅಷ್ಟೇ.

ಎದ್ದು ನಿಂತೆ. ಕೆಲಸದ ದಾರಿ ಸ್ಪಷ್ಟವಾದರೆ ನನಗೆ ತಡವಾಗುವುದಿಲ್ಲ.

"ಮ್ಯಾನೇಜರೇ, ಆ ಬಿಲ್ಲು ಹರೀರಿ. ಕಲ್ಲಿನ ಅರ್ಧ ನಮ್ಮದು, ಅರ್ಧ ನಿಮ್ಮ ಹಳೇ ಬಿರುಕಿಂದು. ಬೇಸಿನ್ನು ಗಟ್ಟಿಯಾಗಿದೆ, ಅದನ್ನ ಕೈಬಿಡಿ. ಕೂಲಿ ಪೂರ್ತಿ ಕೊಡ್ತೀವಿ. ಹೊಸ ಬಿಲ್ಲು ನಮ್ಮಕ್ಕನ ಹೆಸರಿಗೆ. ಹುಡುಗಿ ತಂದೆ ಲೆಕ್ಕಕ್ಕೆ ಇದು ಸೇರಬಾರದು. ಅವರು ಬರೋದ್ರೊಳಗೆ ಆಗ್ಬೇಕು."

"ಅಮ್ಮ, ಓನರ್ ಕೇಳಿದ್ರೆ..."

"ಈ ತುಂಡು ತೋರಿಸಿ. ಬಾಡಿಗೆಗೆ ಕೊಡೋ ರೂಮಲ್ಲಿ ಬಿರುಕು ಬಿಟ್ಟ ಕಲ್ಲು ಇಟ್ಟಿದ್ರಿ, ಯಾರದಾದ್ರೂ ಕಾಲಿನ ಮೇಲೆ ಬಿದ್ದಿದ್ರೆ? ಅಂಥ ಪಾದಗಳಿಗೆ ನಾನು ಎಷ್ಟೋ ಸಲ ಪಟ್ಟಿ ಕಟ್ಟಿದೀನಿ."

"ನೀವು ಯಾವ ಆಸ್ಪತ್ರೇಲಿದ್ರಿ ಅಮ್ಮ, ಪೊಲೀಸ್ ಆಸ್ಪತ್ರೇಲಾ?" ಎನ್ನುತ್ತಲೇ ಬಿಲ್ಲನ್ನು ಎರಡಾಗಿ ಹರಿದ. ಎರಡೂವರೆ ಸಾವಿರಕ್ಕೆ ಒಪ್ಪಿದ. ಅಕ್ಕ ಸೊಂಟದ ಚೀಲ ಬಿಚ್ಚುತ್ತಿದ್ದಳು.

ಆಗಲೇ ಹುಡುಗಿಯ ತಂದೆ ಬಂದರು. ಮೆಟ್ಟಿಲು ಹತ್ತಿದ ಏದುಸಿರು, ಮಣಿಕಟ್ಟಿನಲ್ಲಿ ಇನ್ನೂ ಬಿಚ್ಚದ ಕಂಕಣ, ಬಿಳಿ ಪಂಚೆಯ ತುದಿಯೆಲ್ಲ ಧೂಳು. ಬಾಗಿಲಲ್ಲೇ ಅವರ ಕೈ ಜೇಬಿಗೆ ಹೋಗಿತ್ತು.

"ಏನೋ ಒಡೆದೋಗೈತಂತಲ್ಲ ಅಮ್ಮ. ನೀವ್ಯಾಕೆ ನಿಂತ್ಕಂಡ್ರಿ, ನಾ ನೋಡ್ಕಂತೀನಿ. ಎಷ್ಟಾಯ್ತಪ್ಪ?"

"ಬೀಗ್ರೆ, ಕೈ ತೆಗೀರಿ ಜೇಬಿಂದ," ಎಂದಳು ಅಕ್ಕ.

"ಅದೆಂಗಾಯ್ತದಮ್ಮ? ನೀವು ಇಳ್ಕಂಡಿರೋ ಜಾಗ ನಮ್ ಜವಾಬ್ದಾರಿ. ನಾಳೆ ನಾಕ್ ಜನ ಏನಂದಾರು?"

"ಕಾಯಿ ಒಡೆದೋಳು ನಾನು, ಕಲ್ಲು ಒಡೆದೋಳು ನಾನು."

"ಆದ್ರೂ ಪದ್ಧತಿ ಅಂತ..."

"ಪದ್ಧತಿ ನಂಗೂ ಗೊತ್ತು." ಅಕ್ಕ ಎದ್ದು ಅವರ ಎದುರಿಗೆ ನಿಂತಳು. "ಒಂದು ಮಾತು ಕೇಳ್ತೀನಿ, ಹೇಳಿ. ನಾಳೆ ನಿಮ್ ಮಗ್ಳು ನಮ್ಮನೇಲಿ ಒಂದು ಲೋಟ ಬೀಳಿಸಿದ್ರೆ, ನಿಮಗೆ ಬಿಲ್ ಕಳಿಸ್ಲಾ?"

ಮ್ಯಾನೇಜರು ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ ಅಕ್ಕನ ಕೈಯಲ್ಲಿದ್ದ ನೋಟುಗಳನ್ನು ತೋರಿಸಿದೆ. ಅವನು ಈಸಿಕೊಂಡು ಸದ್ದಿಲ್ಲದೆ ಹೊರಗೆ ಹೋದ.

ಆ ತಂದೆಯ ಕೈ ಜೇಬಿನಿಂದ ನಿಧಾನವಾಗಿ ಹೊರಗೆ ಬಂತು. ಬರಿಗೈ. ಎಲ್ಲಿಡಬೇಕೋ ತಿಳಿಯದೆ ಹೆಗಲ ಮೇಲಿನ ಟವಲು ಹಿಡಿದುಕೊಂಡಿತು.

"ಅವ್ಳ ಕೈ ಸ್ವಲ್ಪ ಸಡ್ಲ ಕಣಮ್ಮ," ಎಂದರು. "ಒಂದೆರಡು ಒಡೀತವೆ. ಅವ್ರಮ್ಮ ದಿನಾ ಬೈತಿದ್ಲು."

"ಒಡೀಲಿ ಬಿಡಿ. ಲೋಟ ತಾನೆ? ನೋಡಿ, ನಾನು ಕಲ್ಲನ್ನೇ ಒಡೆದು ಕೂತಿದೀನಿ."

ಅವರು ನಕ್ಕರು. ನಗುತ್ತಲೇ ಟವಲಿನಿಂದ ಮುಖವೆಲ್ಲ ಒರೆಸಿಕೊಂಡರು. ಬೆಳಗಿನಿಂದ ಜನರ ನಡುವೆ ಓಡಾಡಿದವರಿಗೆ ಅಳಲು ಪುರುಸೊತ್ತು ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ನಾನು ಕಿಟಕಿ ಕಡೆ ತಿರುಗಿ ಬ್ಯಾಗುಗಳ ಜಿಪ್ಪು ಎಳೆದೆ, ಮಂಚದ ಕೆಳಗೆ ನೋಡಿದೆ, ನಲ್ಲಿ ಬಿಗಿಮಾಡಿದೆ. ಹೊರಡುವಾಗ ದೊಡ್ಡ ಬ್ಯಾಗನ್ನು ಅವರು ಎತ್ತಿಕೊಂಡರು. ಅಕ್ಕ ಅದಕ್ಕೆ ಬೇಡವೆನ್ನಲಿಲ್ಲ.

ಸಂಜೆ ಕಡೂರು ದಾಟಿ ಸಿಂಗಟಗೆರೆ ಸೇರುವಾಗ ದೀಪ ಹಚ್ಚುವ ಹೊತ್ತು. ಸೊಸೆಯನ್ನು ಒಳಗೆ ಕರೆದುಕೊಂಡದ್ದಾಯಿತು, ಬಂದವರಿಗೆ ಊಟವಾಯಿತು. ಹುಡುಗಿ ಎರಡು ತುತ್ತು ಉಂಡು, ಜೊತೆಗೆ ಬಂದಿದ್ದ ಚಿಕ್ಕಮ್ಮನ ಪಕ್ಕ ಮಲಗಿದಳು. ಪಾತ್ರೆಗಳನ್ನು ಬೋರಲು ಹಾಕಿ ನಾನು ಕೈ ಒರೆಸಿಕೊಳ್ಳುತ್ತಿದ್ದಾಗ ಅಕ್ಕ ಫೋನು ತಂದು ಚಾಚಿದಳು.

"ಬೀಗ್ರಿಗೆ ಫೋನ್ ಹಚ್ಚೇ."

ಹಚ್ಚಿ, ಸ್ಪೀಕರಿಗೆ ಹಾಕಿಕೊಟ್ಟೆ. ಒಂದೇ ರಿಂಗಿಗೆ ಎತ್ತಿದರು.

"ಊಟ ಮಾಡಿದ್ಲು ಬೀಗ್ರೆ. ಮಲಗವ್ಳೆ. ನೀವು ಉಂಡ್ರಾ?"

"ಆಮೇಲೆ ಉಣ್ತೀನಮ್ಮ. ಯಾಕೋ ಬೇಕನ್ನಿಸ್ತಿಲ್ಲ."

"ಬೇಕನ್ನಿಸ್ದಿದ್ರೂ ಕೂತ್ಕಳಿ. ತಟ್ಟೆ ಸದ್ದು ಕೇಳೋಗಂಟ ನಾನು ಫೋನ್ ಇಡಾಕಿಲ್ಲ."

ಆ ಕಡೆ ಅವರು ಎದ್ದು ಅಡುಗೆಮನೆ ಕಡೆ ನಡೆದ ಸದ್ದಾಯಿತು. ಆಮೇಲೆ ಒಂದು ಹೆಂಗಸಿನ ದನಿ, ನೆಲಕ್ಕೆ ತಟ್ಟೆ ಇಟ್ಟ ಸದ್ದು, ಅದಕ್ಕೆ ಸೌಟು ತಾಗಿದ ಸದ್ದು. ಅಕ್ಕ ನನ್ನ ಕಡೆ ನೋಡಿ ತಲೆಯಾಡಿಸಿದಳು. ನಾನು ಫೋನ್ ಇಟ್ಟೆ.