ಕಂಬದ ನೆರಳು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟ ಬಸ್ಸು ಮಸ್ಕಿ ದಾಟಿ ಒಂದು ಸಣ್ಣ ಪಟ್ಟಣದಲ್ಲಿ ಕೆಟ್ಟು ನಿಂತಿತು. ಊರಿನ ಹೆಸರು ಬರೆಯಲು ನನಗೆ ನಾಚಿಕೆ. ಹೊಸ ಮೀಸಲಾತಿಯಲ್ಲಿ ಗೆದ್ದು ಇಲ್ಲಿನ ಪಟ್ಟಣ ಪಂಚಾಯಿತಿ ಅಧ್ಯಕ್ಷೆಯಾದ ಶರಣಮ್ಮ, ಹೋದ ವರ್ಷ ಬೆಂಗಳೂರಿನಲ್ಲಿ ನಾನು ನಡೆಸಿದ ನಗರ ವಿನ್ಯಾಸದ ತರಬೇತಿಗೆ ಬಂದಿದ್ದರು. ಊರಿನ ನಕ್ಷೆ ಬರೆಯಿರಿ ಎಂದರೆ ಅಂಗಡಿ ಮುಂದಿನ ಕಟ್ಟೆಗಳನ್ನೂ ಬೇವಿನ ಮರಗಳನ್ನೂ ಮಾತ್ರ ಬರೆದಿದ್ದರು. ಅವನ್ನೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ಹೊಡೆದುಹಾಕಿ, ನೇರವಾದೊಂದು ರಸ್ತೆ ಎಳೆದುಕೊಟ್ಟಿದ್ದೆ.

ಈಗ ರಸ್ತೆ ನೇರವಾಗಿದೆ. ಕಟ್ಟೆಗಳಿಲ್ಲ, ಮರಗಳೂ ಇಲ್ಲ. ಸಂತೆ ಮುಗಿಸಿದ ಹೆಂಗಸರು ಲೈಟು ಕಂಬದ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ಕೂತು ಬಸ್ಸು ಕಾಯುತ್ತಿದ್ದಾರೆ. ನೆರಳು ಸರಿದಂತೆ ಸಾಲೂ ಸರಿಯುತ್ತದೆ.

ನನ್ನ ಗುರುತು ಹಿಡಿದ ಶರಣಮ್ಮ ಚಹಾ ತರಿಸಿದರು. "ನೀವು ಗೀಟು ಹೊಡದಂಗ ಮಾಡೀವ್ರಿ ಸರ್. ಚಲೋ ಆಗೇತಿಲ್ರಿ?"

ಆ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಹೂಂ ಎಂದೆ.

ಅವರು ಹೋದ ಮೇಲೆ, ಸಾಲಿನ ಕೊನೆಯಲ್ಲಿದ್ದ ಮುದುಕಿ ತನ್ನ ಬುಟ್ಟಿಯನ್ನು ಬಿಸಿಲಿಗೆ ತಳ್ಳಿ ಜಾಗ ಮಾಡಿದಳು. "ಬಾರಪ್ಪಾ ತಮ್ಮ, ಕುಂದ್ರು. ಇನ್ನೊಂದೀಟು ನೆಳ್ಳೈತಿ."

ಕೂತೆ. ಸ್ವಲ್ಪ ಹೊತ್ತಿಗೆ ಸಾಲು ಸರಿಯಿತು. ನಾನೂ ಸರಿದೆ.