ಆಲಿವ್ ಎಣ್ಣೆಯ ಕೇಕು ಮತ್ತು ಪಕ್ಕದ ಮನೆ ಅಜ್ಜಿ

ಪಕ್ಕದ ಮನೆ ಅಜ್ಜಿಯ ಮುಖದ ತುಂಬ ಸುಕ್ಕು; ಅಂಗೈ ಮಾತ್ರ ಎಳೆಗೂಸಿನ ಕೆನ್ನೆಯಷ್ಟು ನುಣುಪು. ತರೀಕೆರೆಯ ನಮ್ಮ ಬೀದಿಯ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀರು ಹಾಕಿದ ಕೈ ಅದು. ನನಗೂ ಹಾಕಿದ್ದರು, ನನ್ನ ಮಗಳಿಗೂ. ಮಗಳು ಹುಟ್ಟಿದಾಗ ಅಮ್ಮ ಮೆಡಿಕಲ್ ಸ್ಟೋರಿನಿಂದ ಆಲಿವ್ ಎಣ್ಣೆಯ ಡಬ್ಬಿ ತಂದರೆ ಅಜ್ಜಿ ಅದನ್ನು ಮುಟ್ಟಲೇ ಇಲ್ಲ. “ಕೊಬ್ರಿ ಎಣ್ಣೆ ಕೊಡ್ರೇ, ಸಾಕು. ಅದು ನನ್ ಕೈಗೆ ಆಗಲ್ಲ,” ಅಂದರು. ಹಳೇ ಕಾಲದವರ ಹಟ ಎಂದು ನಾವು ನಕ್ಕೆವು.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಮನೆಯಲ್ಲೇ ಕೇಕ್ ಮಾಡಿ ಮಾರಲು ಶುರುಮಾಡಿದೆ. ಲಿಂಗದಹಳ್ಳಿ ಕಡೆಯ ಹೋಂಸ್ಟೇಯೊಂದರವರು ಪ್ರತಿ ಶುಕ್ರವಾರ ಇಟಲಿಯ ಆಲಿವ್ ಎಣ್ಣೆ ಕೇಕ್ ಬೇಕೆಂದರು. ಅದಕ್ಕೆ ಬೆಣ್ಣೆ ಬೇಡ. ಎಣ್ಣೆ, ಮೊಟ್ಟೆ, ಮೈದಾ, ಸಕ್ಕರೆ, ಒಂದಿಷ್ಟು ಕಿತ್ತಳೆ ಸಿಪ್ಪೆಯ ತುರಿ. ಮಾರನೆಯ ದಿನಕ್ಕೆ ಇನ್ನೂ ಮೆತ್ತಗಾಗುತ್ತದೆ. ನಮಗೂ ಅಜ್ಜಿಗೂ ನಡುವೆ ಒಂದೇ ಗೋಡೆ, ಮೇಲೆ ಹೆಂಚು. ಹೆಂಚಿನ ಸಂದಿನಿಂದ ಘಮ ಆಚೆಗೆ ಹೋಗುತ್ತಿದ್ದಂತೆ ಅಜ್ಜಿಯ ಮನೆಯ ಕಿಟಕಿ, ಬಾಗಿಲು ದಡಾರನೆ ಮುಚ್ಚಿಕೊಳ್ಳುತ್ತಿದ್ದವು. ನನಗೆ ಮೈ ಉರಿಯುತ್ತಿತ್ತು. ಲಿಂಗ ಕಟ್ಟಿದವರು, ಮೊಟ್ಟೆ ಆಗದು, ಸರಿ. ಹಾಗಂತ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಬೇಕೆ?

ಒಂದು ಶುಕ್ರವಾರ ಮೊಟ್ಟೆ ಬಿಟ್ಟು ಮೊಸರು ಹಾಕಿ ಇನ್ನೊಂದು ಕೇಕ್ ಮಾಡಿದೆ. ಬಿಸಿಬಿಸಿ ಇರುವಾಗಲೇ ತಟ್ಟೆಯಲ್ಲಿಟ್ಟುಕೊಂಡು ಹೋಗಿ ಬಾಗಿಲು ಬಡಿದೆ. ಅಜ್ಜಿ ಬಗ್ಗಿ ಮೂಸಿದರು. ತಿನ್ನಲಿಲ್ಲ, ಕೇಕಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರತೊಡಗಿದರು. ನನಗೆ ಹೆದರಿಕೆಯಾಯಿತು.

“ಮೊಟ್ಟೆ ಹಾಕಿಲ್ಲ ಅಜ್ಜಿ,” ಅಂದೆ.

“ಮೊಟ್ಟೆ ಮಾತಲ್ಲ ಕಣೇ. ನಂಗೂ ಒಂದು ಗಂಡು ಕೂಸಿತ್ತು. ಅದಕ್ಕೆ ಈ ಎಣ್ಣೇನೇ ತಿಕ್ತಿದ್ದೆ. ಐದು ತಿಂಗಳಿಗೆ ಜ್ವರ ಬಂದು ಹೋಗ್ಬಿಡ್ತು. ಇನ್ನೊಂದು ಕೂಸಿನ ಮೈಗೆ ಇದನ್ನ ಹಚ್ಚಕ್ಕೆ ಕೈ ಬರ್ಲಿಲ್ಲ.”

ನಾಚಿಕೆಯಿಂದ ಕುಗ್ಗಿಹೋದೆ. “ಗೊತ್ತಿರ್ಲಿಲ್ಲ ಅಜ್ಜಿ. ಇನ್ಮೇಲೆ ಮಾಡಲ್ಲ.”

ಅಜ್ಜಿ ನನ್ನ ಕೈ ಬಿಗಿಯಾಗಿ ಹಿಡಿದರು. “ನಿಲ್ಲಿಸ್ಬೇಡ ಕಣೇ. ನಿಮ್ಮನೆ ಒಲೆ ಬಿಸಿಯಾದ್ರೆ ಕೂಸು ಮನೆಗೆ ಬತ್ತದೆ. ಆಚೆ ಹೋಗ್ದಿರ್ಲಿ ಅಂತ ಬಾಗ್ಲು ಹಾಕ್ಕೋತೀನಿ.”

ಅಂದಿನಿಂದ ಆರ್ಡರ್ ಇಲ್ಲದ ಶುಕ್ರವಾರವೂ ಕೇಕ್ ಮಾಡಿದೆ. ಗೋಡೆಯಾಚೆ ಅಜ್ಜಿ ಯಾರೊಂದಿಗೋ ಮಾತಾಡುವುದು, ನಗುವುದು ಕೇಳುತ್ತಿತ್ತು. ನಡುನಡುವೆ ಉತ್ತರಕ್ಕೆ ಕಾದಂತೆ ಸುಮ್ಮನಾಗುತ್ತಿದ್ದರು. ಆಗೆಲ್ಲ ನಾನು ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದೆ. ಆ ಉತ್ತರ ನನ್ನ ಕಿವಿಗೂ ಬಿದ್ದೀತೆಂಬ ಭಯ.

ಹೋದ ವರ್ಷ ಒಂದು ಸೋಮವಾರ ಬೆಳಿಗ್ಗೆ ಅಜ್ಜಿ ತೀರಿಕೊಂಡರು. ಹೆಣ ಎತ್ತುವವರೆಗೆ ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹಚ್ಚುವಂತಿಲ್ಲ. ನಾನು ಹಿಟ್ಟು ಕಲಸಿ ಓವನ್ನಿಗಿಟ್ಟೆ. ಘಮ ಬೀದಿಗೆ ಬಂದದ್ದೇ, ಅಜ್ಜಿಯ ಜಗಲಿಯಲ್ಲಿ ಕೂತಿದ್ದ ಹೆಂಗಸರೆಲ್ಲ ನಮ್ಮ ಮನೆಯತ್ತ ತಿರುಗಿದರು. ಅಮ್ಮ ಓಡಿ ಬಂದಳು. “ಲೇ, ಪಕ್ಕದಲ್ಲಿ ಹೆಣ ಇಟ್ಕೊಂಡು ಏನೇ ಇದು? ಆರ್ಸೇ!”

ನಾನು ಆರಿಸಲಿಲ್ಲ. ಬೀದಿಯವರು ಇಂದಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಜ್ಜಿಯನ್ನು ಕರೆದುಕೊಂಡು ಹೋಗಲು ಅವರ ಕೂಸು ಬರಬೇಕಿತ್ತು.