ಗಿಟಾರಿಗೆ ಬಳಿದ ಕೊನೆಯ ಕೋಟ್

ಮಳೆ ಬರಬಹುದಿತ್ತು. ವಾರ್ನಿಷ್ ಬಿಳಿಚಿಕೊಳ್ಳಬಹುದಿತ್ತು. ಬ್ರಷ್ಷಿನ ಕೂದಲು ಉದುರಿ ಅಂಟಬಹುದಿತ್ತು, ಸೊಳ್ಳೆಯೊಂದು ಕೂತು ಅಲ್ಲೇ ಸಮಾಧಿಯಾಗಬಹುದಿತ್ತು, ಪಕ್ಕದ ಮನೆಯವರು ಅದೇ ಹೊತ್ತಿಗೆ ರಾಗಿ ಕೇರಲು ಕೂರಬಹುದಿತ್ತು. ತೂಗುಹಾಕಿದ ತಂತಿ ಕಳಚಿ ಗಿಟಾರಿನ ಒಡಲು ಬೋರಲು ಬೀಳಬಹುದಿತ್ತು. ಥಿನ್ನರ್ ವಾಸನೆಗೆ ನಾನೇ ಬೋರಲು ಬೀಳಬಹುದಿತ್ತು. ಇಷ್ಟನ್ನೂ ನಾನು ಮುಂಚಿತವಾಗಿಯೇ ಚಿಂತಿಸಿ ಮುಗಿಸಿದ್ದೆ.

ಗಿಟಾರು ನನ್ನ ಮಗಳು ಸಿಂಚನಳದು. ಅರಕಲಗೂಡಿನ ಸಾಮಿಲ್ಲಿನಿಂದ ಹಲಸಿನ ಹಲಗೆ ತಂದು, ಹೊಳೆನರಸೀಪುರದ ನಮ್ಮ ಹಿತ್ತಿಲಲ್ಲಿ ತಾನೇ ಕೊಯ್ದು, ಉಪ್ಪುಕಾಗದ ಹಾಕಿ ಉಜ್ಜಿದ್ದಳು. ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆ ಟೊಳ್ಳಲ್ಲ, ಇಡಿಯಾದ ಮರ ಎಂದು ತಿಳಿದದ್ದು ನನಗೆ ಮೊದಲ ಆಘಾತ. ಒಳಗೆ ಟೊಳ್ಳಿದ್ದರೇ ಸದ್ದು ಎಂದು ನಂಬಿ ನಾನು ಎಷ್ಟೋ ಜನರನ್ನು ಅಳೆದುಬಿಟ್ಟಿದ್ದೆ.

ಎರಡನೆಯದು ಇನ್ನೂ ದೊಡ್ಡದು. ಹಾಸನದ ಕಾಲೇಜಿಗೆ ಬಸ್ಸು ಹತ್ತುವ ಮುಂಚೆ ಅವಳು, "ಅಪ್ಪ, ಕೊನೇ ಕೋಟ್ ನೀನೇ ಹೊಡಿ. ಶನಿವಾರ ಫಂಕ್ಷನ್ನಲ್ಲಿ ಇದನ್ನೇ ನುಡಿಸ್ಬೇಕು. ಕನ್ನಡಿ ಥರ ಇರ್ಬೇಕು, ಒಂದು ಗುರುತೂ ಬೀಳ್ಬಾರ್ದು" ಎಂದಳು. ಬಲ್ಬು ಬದಲಿಸಲೂ ನನ್ನನ್ನು ಕರೆಯದ ಹುಡುಗಿ! ಈ ನಂಬಿಕೆಯನ್ನು ಕೆಡಿಸಿಕೊಂಡರೆ ಇನ್ನೊಂದು ಸಿಕ್ಕುವ ಭರವಸೆ ನನಗಿರಲಿಲ್ಲ.

ದೊಡ್ಡಗದ್ದವಳ್ಳಿಯ ಹೊಯ್ಸಳ ಗುಡಿ ಕಟ್ಟಿದ ಶಿಲ್ಪಿಗಳನ್ನು ನೆನೆದು ಹೊಟ್ಟೆ ಉರಿಯಿತು. ಕಂಬಕ್ಕೆ ಆ ನುಣುಪು ಕೊಟ್ಟು ಅವರು ನೆಮ್ಮದಿಯಾಗಿ ಮನೆಗೆ ಹೋಗಿರಬೇಕು, ಕಲ್ಲು ಒಣಗಬೇಕಿರಲಿಲ್ಲ. ನಾನು ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಬಟ್ಟೆಯ ನೂಲು ಉದುರೀತೆಂದು ಅಂಗಿ ಕಳಚಿ, ಬರಿಮೈಯಲ್ಲಿ ಬ್ರಷ್ ಹಿಡಿದು ನಿಂತೆ.

"ಏನ್ರೀ, ಗರ್ಭಗುಡಿಗೆ ಒಂಟಂಗದೆ?" ಎಂದಳು ಹೆಂಡತಿ.

ಬಳಿದು ಮುಗಿಸಿ ನೋಡಿದರೆ ಕೆಲಸ ಸರಿಯಾಗಿತ್ತು! ಒಂದು ಗುಳ್ಳೆಯಿಲ್ಲ, ಗೆರೆಯಿಲ್ಲ. ಇಂಥ ಆಘಾತಕ್ಕೆ ನಾನು ತಯಾರೇ ಇರಲಿಲ್ಲ. ಆ ಗೆಲುವಿನಲ್ಲಿ ಒಂದು ಲೋಟ ಕಾಫಿ ಕುಡಿದು ಬಂದೆ.

ಹಸಿ ವಾರ್ನಿಷ್ಷಿನ ನಟ್ಟನಡುವೆ ಕೆಂಪಗೆ ಒಂದು ಕುಂಕುಮದ ಬೊಟ್ಟು. ಪಕ್ಕದಲ್ಲಿ ಭರಣಿ ಹಿಡಿದ ನನ್ನಮ್ಮ.

"ಅಮ್ಮಾ! ಏನ್ ಮಾಡ್ಬುಟ್ಟೆ!"

"ಯಾಕ್ಲಾ ಅಂಗ್ ಬಡ್ಕೊತೀಯ? ವಸ ಸಾಮಾನು ಕಣ್ಲಾ. ನಿನ್ ಸ್ಕೂಟ್ರಿಗೆ ಇಟ್ಟಾಗ ಸುಮ್ಕಿದ್ದಲ್ಲ. ಕೂಸು ಅಷ್ಟು ಜನದ್ ಮುಂದೆ ಇಡ್ಕಂಡು ನಿಂತ್ಕತದೆ, ದೃಷ್ಟಿ ಆಗಕಿಲ್ವಾ?"

ಒರೆಸಿದರೆ ಬಳಿದುಕೊಳ್ಳುತ್ತದೆ. ಬಿಟ್ಟರೆ ಒಣಗುತ್ತದೆ. ಸಂಜೆ ಸಿಂಚನ ಬಂದಾಗ ನಾನು ಗೋಡೆಗೆ ಒರಗಿ ನಿಂತಿದ್ದೆ. ಅವಳು ಬಗ್ಗಿ ನೋಡಿದಳು. ಬೆರಳು ಬೊಟ್ಟಿನ ಹತ್ತಿರದವರೆಗೂ ಹೋಗಿ, ಮುಟ್ಟದೆ ವಾಪಸು ಬಂತು.

"ಅಜ್ಜೀ, ಇಡೋದು ಇಟ್ಟೆ, ಅರಿಶಿನ ಯಾಕೆ ಬಿಟ್ಟೆ?" ಎಂದವಳೇ ನನ್ನತ್ತ ತಿರುಗಿ, "ಅಪ್ಪ, ಇದು ಒಣಗಿದ್ಮೇಲೆ ಮೇಲೊಂದು ಕೋಟ್ ಹೊಡಿ. ಅಳಿಸ್ಬಾರ್ದು" ಎಂದಳು.

ಹೊಡೆದೆ, ಮತ್ತೆ ಅಂಗಿ ಕಳಚಿ. ಶನಿವಾರ ಫಂಕ್ಷನ್ನಿನಲ್ಲಿ ಅವಳು ನುಡಿಸಿ ಮುಗಿಸಿದ ಮೇಲೆ ಹುಡುಗ ಹುಡುಗಿಯರೆಲ್ಲ ಗಿಟಾರನ್ನು ಮುತ್ತಿ ಆ ಬೊಟ್ಟನ್ನೇ ನೋಡಿದರು, ಅದರ ಫೋಟೊ ತೆಗೆದರು. "ಬೊಟ್ಟು ಸಕತ್ತಾಗದೆ ಸಾ" ಎಂದು ಒಬ್ಬ ನನ್ನ ಕೈಯನ್ನೂ ಕುಲುಕಿದ. ನಾನು ಉಸಿರು ಬಿಗಿಹಿಡಿದು ಬಳಿದ ಆ ಹೊಳಪನ್ನು ಮಾತ್ರ ಯಾರೂ ಗಮನಿಸಲಿಲ್ಲ.